ಆಕಾಶದಲ್ಲಿ ದಾರಿ ಹೇಳಿದವನು

ರಾಮಾಪುರದ ದೊಡ್ಡಮಾದಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕೌದಳ್ಳಿಯಿಂದಾಚೆಗಿನ ಕಾಡು ಅವನಿಗೆ ಬಾಯಿಪಾಠವಾಗಿತ್ತು. ಜನ ಮಾದಪ್ಪನೆಂದು ಕರೆಯುವ ಮಹದೇಶ್ವರನ ಬೆಟ್ಟಕ್ಕೆ ಇನ್ನೂ ಬಸ್ಸು ಹೋಗದಿದ್ದ ಕಾಲ ಅದು. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯಿಂದ ಶಿವರಾತ್ರಿಗೂ ದೀಪಾವಳಿಗೂ ನಡೆದು ಬರುವ ಪರಸೆಯವರು ರಾಮಾಪುರದಲ್ಲಿ ಬುತ್ತಿ ಬಿಚ್ಚಿ ಉಂಡು, "ದೊಡ್ಡಮಾದಪ್ಪ ಒಂಟ್ನಾ?" ಎಂದು ವಿಚಾರಿಸಿಕೊಂಡು ಅವನ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಅವನ ಅಪ್ಪನೂ ಪರಸೆಯ ಮುಂದಾಳಾಗಿದ್ದ, ಅಜ್ಜನೂ ಆಗಿದ್ದ. ಮೂರು ತಲೆಮಾರಿನಲ್ಲಿ ಆ ಮನೆಯವರನ್ನು ನಂಬಿ ನಡೆದ ಒಬ್ಬನೂ ಕಾಡಿನಲ್ಲಿ ಕಳೆದುಹೋದದ್ದಿಲ್ಲ. ಆ ಮನೆಗೆ ಹೂಗ್ಯಂ ಕಡೆ ಆರೆಕರೆ ಹೊಲವೂ ಇತ್ತು, ಆದರೆ ಊರು ಅವರ ಆಸ್ತಿಯೆಂದು ಹೇಳುತ್ತಿದ್ದುದು ಈ ಹೆಸರನ್ನೇ.

ಇಂಥವನ ಮಗ ಪುಟ್ಟಮಾದಪ್ಪ ಬಾಂಬು ಹಾಕುವ ವಿಮಾನದಲ್ಲಿ ಕೂತು ದಾರಿ ಹೇಳುವ ಕೆಲಸಕ್ಕೆ ಸೇರಿದ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಬರ್ಮಾದ ಬೆಟ್ಟಗಳಲ್ಲಿ ಆ ವಿಮಾನದ ಜೊತೆಗೇ ಹೋದ. ಮಗ ಸತ್ತ ಸಂಕಟ ಯಾವ ಅಪ್ಪನಿಗೂ ಒಂದೇ, ಅದನ್ನು ನಾನು ಹೇಳಬೇಕಾಗಿಲ್ಲ. ದೊಡ್ಡಮಾದಪ್ಪನಿಗೆ ಅದರ ಒಳಗೆ ಇನ್ನೊಂದು ಮುಳ್ಳು ಮುರಿದುಕೊಂಡು ಕೂತಿತ್ತು. ಮಗ ದಾರಿ ತಪ್ಪಿ ಸತ್ತನೇ? ಇಷ್ಟು ಗೊತ್ತಾಗುವವರೆಗೆ ಅವನಿಗೆ ಅನ್ನ ಇಳಿಯಲಿಲ್ಲ.

ಪುಟ್ಟಮಾದಪ್ಪ ಹುಟ್ಟಿದ್ದೇ ಪ್ರಶ್ನೆ ಕೇಳಲಿಕ್ಕೆ ಎಂದು ಅವನ ತಾಯಿ ದೊಡ್ಡಬಸಮ್ಮ ಹೇಳುತ್ತಿದ್ದಳು. ಮಾತು ಬಂದ ದಿನದಿಂದ ಆ ಹುಡುಗ ಯಾರನ್ನೂ ಸುಮ್ಮನೆ ಕೂರಲು ಬಿಟ್ಟವನಲ್ಲ.

"ಅಪ್ಪೋ, ಆನೆಗೆ ದಾರಿ ತೋರ್ಸಿದ್ದು ಯಾರು?"

"ಅದ್ರವ್ವ."

"ಅವ್ವಂಗೆ?"

"ಅವ್ವನವ್ವ."

"ಎಲ್ಲಾರ್ಗಿಂತ ಮುಂದಿದ್ದ ಆನೆಗೆ?"

"ಮಾದಪ್ಪ ತೋರ್ಸ್ದ. ಬಾಯ್ಮುಚ್ಕಂಡು ನಡಿಲಾ."

ನಾಲ್ಕು ಹೆಜ್ಜೆ ನಡೆದು, "ಮಾದಪ್ಪಂಗೆ?" ಎನ್ನುತ್ತಿದ್ದ. ಅಲ್ಲಿಗೆ ಅಪ್ಪ ಕೋಲು ಎತ್ತುತ್ತಿದ್ದ.

ಊರಿನ ಶಾಲೆಯಲ್ಲಿ ಗುರುಪಾದಸ್ವಾಮಿ ಮೇಷ್ಟ್ರು ಗೋಡೆಗೆ ನಕ್ಷೆ ತೂಗುಹಾಕಿದ ದಿನ ಹುಡುಗನ ಕಣ್ಣು ಅರಳಿತು. ರಾಮಾಪುರ ಎಲ್ಲಿದೆ ಎಂದು ಕೇಳಿದ. ನಕ್ಷೆಯಲ್ಲಿ ಕೊಳ್ಳೇಗಾಲವಿತ್ತು, ರಾಮಾಪುರವಿರಲಿಲ್ಲ. ಮಧ್ಯಾಹ್ನ ಮೇಷ್ಟ್ರು ಊಟ ಮುಗಿಸಿ ಬಂದು ನೋಡಿದರೆ ನಕ್ಷೆಯ ಮೇಲೆ ಸೀಸದಕಡ್ಡಿಯ ಹೊಸ ಚುಕ್ಕೆ. ಸರ್ಕಾರದ ನಕ್ಷೆ ಕೆಡಿಸಿದ್ದಕ್ಕೆ ಬೆತ್ತದ ಏಟು ನಾಲ್ಕು ಬಿದ್ದವು. ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಅಳತೆಪಟ್ಟಿ ಹಿಡಿದು, ಕೊಳ್ಳೇಗಾಲದಿಂದ ಮೈಲಿ ಎಣಿಸಿ ನೋಡಿದರು. ಚುಕ್ಕೆ ಇರಬೇಕಾದ ಕಡೆಯೇ ಇತ್ತು. ಅವರು ಅದನ್ನು ಅಳಿಸಲಿಲ್ಲ. ಹೊಡೆದದ್ದಕ್ಕೆ ಪಶ್ಚಾತ್ತಾಪವಾಯಿತೋ ಏನೋ, ಮರುದಿನದಿಂದ ಹುಡುಗನಿಗೆ ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡಲು ಶುರುಮಾಡಿದರು.

ಕಾಡಿನ ಪಾಠ ಅಪ್ಪನದು. ಬೆಟ್ಟದ ದಾರಿಯಲ್ಲಿ, ತಾಳುಬೆಟ್ಟ ಮುಟ್ಟುವ ಮುಂಚೆ ಒಂದು ಕವಲಿದೆ. ಬಲಗಡೆಯದು ಕಲ್ಲುಮುಳ್ಳಿನ ಕಿರುದಾರಿ, ದೇವರ ಬಳಿಗೆ ಹೋಗುವುದು ಅದೇ. ಎಡಗಡೆಯದು ಆನೆಗಳು ತುಳಿದದ್ದು. ಅಗಲವಾಗಿ, ಸಪಾಟಾಗಿ, ಬಾ ಬಾ ಎಂದು ಕರೆಯುವ ಹಾಗಿರುತ್ತದೆ. ಅದನ್ನು ಹಿಡಿದವನು ನೀರೂ ನೆರಳೂ ಇಲ್ಲದ ಕೊಳ್ಳಕ್ಕೆ ಇಳಿಯುತ್ತಾನೆ. ಪರಸೆ ಎಂದರೆ ಸಿಪಾಯಿಗಳ ಸಾಲೇ? ಗಟ್ಟಿಕಾಲಿನವರು ಮುಂದೆ, ಮುದುಕರು ಮೈಲಿಗಟ್ಟಲೆ ಹಿಂದೆ. ಆದ್ದರಿಂದ ಮುಂದಾಳು ಕವಲಿಗೆ ಬಂದಾಗ ಹಸಿರು ಕೊಂಬೆಯೊಂದನ್ನು ಮುರಿದು ತಪ್ಪುದಾರಿಗೆ ಅಡ್ಡ ಹಾಕಿ ಮುಂದೆ ಹೋಗಬೇಕು. ಒಣಕೊಂಬೆ ಆಗುವುದಿಲ್ಲ. ಒಣಗಿದ್ದು ತಾನಾಗಿಯೂ ಬೀಳುತ್ತದೆ, ಹಸಿರು ಬಿದ್ದಿದ್ದರೆ ಅದು ಮನುಷ್ಯನ ಕೈಯದೇ. ಹಿಂದೆ ಬಂದವರು ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದರು. ಇದಕ್ಕೆ ಸೊಪ್ಪು ಹಾಕುವುದು ಎಂದೇ ಹೆಸರು.

ಪುಟ್ಟಮಾದಪ್ಪನಿಗೆ ಹನ್ನೆರಡಾದ ವರ್ಷ ಶಿವರಾತ್ರಿಗೆ ಮುಂಚೆ ಕಾಡ್ಗಿಚ್ಚು ಬಿದ್ದು, ಕವಲಿನ ಸುತ್ತ ಹಸಿರೆಂಬುದೇ ಉಳಿದಿರಲಿಲ್ಲ. ಅಂಥ ವರ್ಷಕ್ಕೂ ಒಂದು ಕಟ್ಟಳೆಯಿತ್ತು. ಸೊಪ್ಪು ಸಿಕ್ಕದಿದ್ದರೆ ಆಳು ನಿಲ್ಲಬೇಕು. ತಪ್ಪುದಾರಿಯ ಬಾಯಿಯಲ್ಲಿ ಒಬ್ಬ ನಿಂತು, ಕೊನೆಯವನು ದಾಟುವವರೆಗೆ ಅಲ್ಲಾಡಬಾರದು. ದೊಡ್ಡಮಾದಪ್ಪ ಮಗನನ್ನು ನಿಲ್ಲಿಸಿ ಮುಂದೆ ಹೋದ. ಬೆಟ್ಟ ಹತ್ತಿ, ಮಜ್ಜನ ಮುಗಿಸಿ, ತಲೆ ಎಣಿಸಿದರೆ ಮಗನೇ ಇಲ್ಲ. ಓಡೋಡಿ ಇಳಿದು ಬಂದು ನೋಡುತ್ತಾನೆ: ಹುಡುಗ ಆನೆದಾರಿಗೆ ಅಡ್ಡವಾಗಿ ಕೈ ಚಾಚಿಕೊಂಡು ನಿಂತಿದ್ದಾನೆ. ತುಟಿ ಒಡೆದಿದೆ, ಕಾಲು ನಡುಗುತ್ತಿದೆ.

"ಎಲ್ರೂ ಬಂದಾಯ್ತಲ್ಲೋ, ಇನ್ನೂ ಯಾಕ್ಲಾ ನಿಂತಿದ್ದಯ್?"

"ಚಿಕ್ಕನಿಂಗಮ್ಮಜ್ಜಿ ಬಂದಿಲ್ಲ ಕಣಪ್ಪ."

ಅಪ್ಪ ಮರೆತಿದ್ದ. ಮಂಡಿನೋವಿನ ಆ ಮುದುಕಿ ಹನೂರಿನಿಂದ ಒಬ್ಬಳೇ ಹೊರಟವಳು. ಒಂದು ಗಳಿಗೆ ಕಳೆದು ಕೋಲೂರಿಕೊಂಡು ಬಂದಳು. ಹುಡುಗ ಕೈ ಇಳಿಸುವ ಮುಂಚೆ ಕೇಳಿದ, "ಅಜ್ಜೀ, ನಿನ್ನಿಂದೆ ಯಾರಾದ್ರೂ ಅವ್ರಾ?" ಆಕೆ ಯಾರೂ ಇಲ್ಲವೆಂದ ಮೇಲೆಯೇ ದಾರಿಯಿಂದ ಕದಲಿದ. ಆ ದಿನ ದೊಡ್ಡಮಾದಪ್ಪನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟ ಹತ್ತಿಸಿದ.

ಮುಂದೆ ಹುಡುಗ ಕೊಳ್ಳೇಗಾಲದಲ್ಲಿ ಹೈಸ್ಕೂಲು ಓದಿದ, ಮೈಸೂರಿನ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಇಂಟರ್‌ಮೀಡಿಯೆಟ್ ಮುಗಿಸಿದ. ಯುದ್ಧ ಶುರುವಾಗಿತ್ತು. ಪತ್ರಿಕೆಯಲ್ಲಿ ವಾಯುಪಡೆಗೆ ಹುಡುಗರು ಬೇಕೆಂದು ಬಂದದ್ದನ್ನು ನೋಡಿ ಮನೆಯಲ್ಲಿ ಹೇಳದೆ ಕೇಳದೆ ಮದರಾಸಿಗೆ ಹೋದ. ಅಲ್ಲಿ ಬಿಳಿಯ ಆಫೀಸರನೊಬ್ಬ ಇವನ ಕಣ್ಣಿಗೆ ಬಟ್ಟೆ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ ಗರಗರ ತಿರುಗಿಸಿ, ಸಮುದ್ರ ಯಾವ ಕಡೆ ಎಂದು ಕೇಳಿದನಂತೆ. ಇವನು ಕೈ ತೋರಿಸಿದನಂತೆ. ಹೇಗೆ ಗೊತ್ತಾಯಿತು ಎಂದರೆ, "ಕಿಟಕಿಯಿಂದ ಬರೋ ಗಾಳಿ ಉಪ್ಪುಪ್ಪಾಗದೆ ಸಾ" ಎಂದನಂತೆ. ಇದರಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಎಂದು ಯಾರು ಬಲ್ಲರು? ಅವನೇ ಹೇಳಿದ ಕಥೆ. ಅಂತೂ ವಿಮಾನ ಓಡಿಸುವ ಕೆಲಸ ಸಿಗಲಿಲ್ಲ, ದಾರಿ ಹೇಳುವ ಕೆಲಸ ಸಿಕ್ಕಿತು. ಇಂಗ್ಲಿಷಿನಲ್ಲಿ ಅದಕ್ಕೆ ನ್ಯಾವಿಗೇಟರ್ ಎನ್ನುತ್ತಾರೆಂದು ಗುರುಪಾದಸ್ವಾಮಿ ಮೇಷ್ಟ್ರು ಊರಿಗೆಲ್ಲ ಹೇಳಿಕೊಂಡು ಬಂದರು.

ಸಾವಿರದ ಒಂಬೈನೂರ ನಲವತ್ತಮೂರರ ಕೊನೆಯಲ್ಲಿ ಹತ್ತು ದಿನದ ರಜೆ ಸಿಕ್ಕಿ ಊರಿಗೆ ಬಂದ. ಖಾಕಿ ಅಂಗಿ, ಎದೆಯ ಮೇಲೆ ದಾರಿ ಹೇಳುವವರಿಗೆ ಕೊಡುವ ಒಂದೇ ರೆಕ್ಕೆಯ ಬಿಲ್ಲೆ, ಅಂಗಿಯೊಳಗೆ ಅದೇ ಹಳೆಯ ಲಿಂಗದ ಕರಡಿಗೆ. ದೊಡ್ಡಬಸಮ್ಮ ಮೊದಲು ಕರಡಿಗೆ ಇದೆಯೇ ಎಂದು ಮುಟ್ಟಿ ನೋಡಿದಳು, ಆಮೇಲೆ ಮಗನ ಮುಖ ನೋಡಿದಳು. ಅವಳ ತಲೆಯಲ್ಲೂ ಪ್ರಶ್ನೆಗಳು ಕಮ್ಮಿಯಿರಲಿಲ್ಲ. ಮಗನಿಗೆ ಆ ಗುಣ ಎಲ್ಲಿಂದ ಬಂತು ಎಂದು ಆ ಹತ್ತು ದಿನದಲ್ಲಿ ಊರಿಗೆ ತಿಳಿಯಿತು.

"ಮೋಡದೊಳಿಕ್ಕೆ ಓದ್ರೆ ಬಟ್ಟೆ ನೆನೀತದಾ?"

"ಇಲ್ಲ ಕಣವ್ವ, ಗಾಜು ಮುಚ್ಚಿರ್ತದೆ. ಚಳಿ ಮಾತ್ರ ಮೂಳೆಗಂಟ ಓಯ್ತದೆ."

"ನಿನ್ ಜೊತೇಲಿ ಇನ್ಯಾರು ಕೂತ್ಕತಾರೆ?"

"ಇಬ್ರೇ. ಓಡ್ಸೋನು ಮುಂದೆ, ನಾನು ಅವ್ನ ಬೆನ್ನಿಂದೆ."

ಇದು ಮಾತ್ರ ದೊಡ್ಡಮಾದಪ್ಪನಿಗೆ ಹಿಡಿಸಲಿಲ್ಲ. ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನು ಕೈ ತಡೆದು ಕೇಳಿದ. "ದಾರಿ ಏಳೋನು ಇಂದ್ಗಡೆ ಕೂತ್ಕಳದಾ? ಅದ್ಯಾವ್ ಸೀಮೆ ನ್ಯಾಯ?"

"ಅವ್ನಿಗೆ ಕಣ್ಣು ಮುಂದದೆ, ನಂಗೆ ಲೆಕ್ಕ ಮುಂದದೆ ಕಣಪ್ಪ" ಎಂದು ಮಗ ನಕ್ಕ. ಇದ್ದಿಲ ಚೂರು ತೆಗೆದುಕೊಂಡು ಜಗಲಿಯ ಮೇಲೆ ಗೆರೆ ಎಳೆದ. ಇಲ್ಲಿಂದ ಇಲ್ಲಿಗೆ ಹೋಗಬೇಕು, ಆದರೆ ನೇರ ಹಿಡಿದರೆ ಗಾಳಿ ಪಕ್ಕಕ್ಕೆ ತಳ್ಳಿಬಿಡುತ್ತದೆ, ಆದ್ದರಿಂದ ಗಾಳಿಯ ಕಡೆಗೆ ಇಷ್ಟು ಓರೆ ಹಿಡಿಯಬೇಕು ಎಂದು ವಿವರಿಸಿದ.

ದೊಡ್ಡಮಾದಪ್ಪ ಗೆರೆಯನ್ನು ಬಗ್ಗಿ ನೋಡಿದ. "ಅಂದ್ರೆ ಕಾವೇರಿನ ತೆಪ್ಪದಲ್ಲಿ ದಾಟ್ದಂಗೆ. ಎದುರು ದಡ ಮುಟ್ಬೇಕು ಅಂದ್ರೆ ಮೇಲ್ಗಡೆ ಮುಖ ಮಾಡಿ ಉಟ್ಟಾಕ್ಬೇಕು."

"ಅದೇ ಕಣಪ್ಪ. ಇದ್ನ ಕಲೀಕೆ ನಂಗೆ ಆರ್ ತಿಂಗ್ಳಾಯ್ತು."

ಅಪ್ಪನಿಗೆ ಬಲು ಖುಷಿಯಾಯಿತು. ಹುಡುಗ ದೊಡ್ಡ ವಿದ್ಯೆ ಕಲಿತಿದ್ದಾನೆ, ಆದರೆ ಅದು ನಮ್ಮ ಮನೆಯ ವಿದ್ಯೆಯೇ ಎಂದು ಸಮಾಧಾನವಾಯಿತು. ಆಮೇಲೆ ತನಗೆ ನಿಜವಾಗಿ ಬೇಕಾಗಿದ್ದನ್ನು ಕೇಳಿದ. "ಆಕಾಸ್ದಲ್ಲಿ ಕವಲು ಇರ್ತದೇನ್ಲಾ?"

"ಆಕಾಸ್ದಲ್ಲಿಲ್ಲ. ಬೆಟ್ಟದ ಸಂದೀಲಿ ಬರ್ಬೇಕಾದ್ರೆ ಇರ್ತದೆ. ಮಳೆಗಾಲ ಬಂದ್ರೆ ಮೋಡ ಬೆಟ್ಟದ ತಲೆ ಮೇಲೆ ಕೂತ್ಬುಡ್ತದೆ. ಆಗ ಕಣಿವೇಲೇ ನುಗ್ಗಿ ಬರ್ಬೇಕು. ಒಂದು ಕಣಿವೆ ಊರಿಗೆ ಬಂದ್ರೆ ಇನ್ನೊಂದು ಗೋಡೆಗೆ ಓಗಿ ಮುಟ್ತದೆ."

"ಸೊಪ್ಪು ಎಲ್ಲಿ ಆಕ್ತೀರಿ?"

ಮಗ ಇದ್ದಿಲು ಮೆತ್ತಿದ ಕೈಯನ್ನು ಒರೆಸಿಕೊಂಡ. "ಅಲ್ಲಿ ಸೊಪ್ಪು ಸಿಕ್ಕಲ್ಲ ಕಣಪ್ಪ" ಎಂದ. ಅಷ್ಟರಲ್ಲಿ ದೊಡ್ಡಬಸಮ್ಮ ಮುದ್ದೆ ಆರಿಹೋಗುತ್ತದೆಂದು ಕೂಗಿದಳು. ಯಳಂದೂರಿನ ತನ್ನ ಅಣ್ಣನ ಮಗಳು ಶಂಕರಮ್ಮನ ವಿಷಯ ಎತ್ತಲು ಅವಳು ಊಟದ ಹೊತ್ತನ್ನೇ ಕಾಯುತ್ತಿದ್ದಳು. ಮುಂದಿನ ರಜೆಗೆ ಬಂದಾಗ ನೋಡೋಣ ಎಂದು ಪುಟ್ಟಮಾದಪ್ಪ ಸೊಪ್ಪಿನೆಸರು ಹಾಕಿಸಿಕೊಂಡ.

ಮುಂದಿನ ರಜೆ ಬರಲಿಲ್ಲ. ನಲವತ್ತನಾಲ್ಕರ ಜೂನ್ ತಿಂಗಳಲ್ಲಿ ಕಾಗದ ಬಂತು. ಗುರುಪಾದಸ್ವಾಮಿ ಮೇಷ್ಟ್ರು ಕನ್ನಡಕ ಹಾಕಿಕೊಂಡು ತಮ್ಮೊಳಗೆ ಒಂದು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಜೋರಾಗಿ ಓದಿದರು. ಮೇ ತಿಂಗಳ ಇಂಥ ದಿನ ಕಾರ್ಯಾಚರಣೆಗೆ ಹೋದ ವಿಮಾನ ಮರಳಲಿಲ್ಲ. ಇಬ್ಬರೂ ಮಡಿದಿರಬಹುದೆಂದು ನಂಬಲಾಗಿದೆ. ವಿಮಾನವು ಕೊನೆಯದಾಗಿ ಕಂಡದ್ದು ಮರಳುವ ದಾರಿಯಿಂದ ಹತ್ತು ಮೈಲಿ ಆಚೆ, ಒಂದು ಕಣಿವೆಯ ಬಾಯಿಯಲ್ಲಿ ಸುತ್ತುತ್ತಿದ್ದಾಗ. ಸರ್ಕಾರದ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಷ್ಟು ಹೇಳಿ ಕೆಳಗೆ ರುಜು ಹಾಕಿತ್ತು.

ದೊಡ್ಡಬಸಮ್ಮ ನೆಲಕ್ಕೆ ಕುಸಿದಳು. ದೊಡ್ಡಮಾದಪ್ಪ ನಿಂತೇ ಇದ್ದ. "ಮೇಷ್ಟ್ರೇ, ಕೊನೇ ಮಾತು ಇನ್ನೊಂದ್ ಸಲ ಓದಿ" ಎಂದ. ಮೇಷ್ಟ್ರು ಓದಿದರು. "ಸುತ್ತುತ್ತಿತ್ತು ಅಂತ್ಲೇ ಬರ್ದದಾ?" ಹಾಗೆಯೇ ಬರೆದಿದೆ ಎಂದರು.

ಕಾಡಂಚಿನವರಿಗೆ ಇದಕ್ಕೆ ಬೇರೆ ಅರ್ಥ ಬೇಕಿರಲಿಲ್ಲ. ದಾರಿ ತಪ್ಪಿದವನ ಗುರುತೇ ಅದು, ಸುತ್ತುತ್ತಾನೆ. ಕಾಡಿನಲ್ಲಿ ಮರುಳುಬಳ್ಳಿ ಎಂದೊಂದಿದೆ, ಅದನ್ನು ದಾಟಿದವನಿಗೆ ದಿಕ್ಕು ಕೆಡುತ್ತದೆ, ನಡೆದು ನಡೆದು ಹೊರಟಲ್ಲಿಗೇ ಬರುತ್ತಾನೆ ಎಂಬುದು ಅಲ್ಲಿಯ ನಂಬಿಕೆ. ದಾರಿಯಿಂದ ಹತ್ತು ಮೈಲಿ ಆಚೆ, ಸುತ್ತುತ್ತಿದ್ದ. ಇನ್ನೇನು ಉಳಿಯಿತು? ಎದುರಿಗೆ ಎಲ್ಲರೂ ಕಣ್ಣೀರು ಹಾಕಿದರು. ಬೆನ್ನ ಹಿಂದೆ, ದಾರಿ ತೋರಿಸುವ ಮನೆಯ ಹುಡುಗನೇ ದಾರಿ ತಪ್ಪಿದನಂತೆ ಎಂದರು. ಆಡುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಅವರಲ್ಲಿ ಕೆಟ್ಟವರೇನೂ ಇರಲಿಲ್ಲ. ಅವರ ಅಪ್ಪಂದಿರು ಇದ್ದಿದ್ದರೂ ಇದೇ ಮಾತು ಆಡುತ್ತಿದ್ದರು.

ದೊಡ್ಡಮಾದಪ್ಪ ತಾನೇ ಅದನ್ನು ನಂಬಿದ, ಅದು ದೊಡ್ಡ ಸಂಕಟ. ತಾನು ಏನು ಕಲಿಸಲಿಲ್ಲ, ಎಲ್ಲಿ ಕಡಿಮೆಯಾಯಿತು ಎಂದು ಜಗಲಿಯ ಮೇಲೆ ಕೂತು ಅಳಿಸಿಹೋದ ಇದ್ದಿಲ ಗೆರೆಯ ಜಾಗವನ್ನೇ ನೋಡುತ್ತಿದ್ದ. ಆ ವರ್ಷದ ದೀಪಾವಳಿಗೆ ಪರಸೆಯವರು ಬಂದು ಕರೆದರೆ ಹೊರಗೆ ಬರಲಿಲ್ಲ. "ಬಸವಣ್ಣನ್ ಜೊತೆ ಓಗಿ" ಎಂದು ತಮ್ಮನ ಮಗನನ್ನು ಕಳಿಸಿದ. ಮುಂದಿನ ಶಿವರಾತ್ರಿಗೂ ಹೋಗಲಿಲ್ಲ, ಅದರ ಮುಂದಿನ ದೀಪಾವಳಿಗೂ ಇಲ್ಲ. ಮುಂದಾಳಿನ ಕೋಲು ಅಟ್ಟ ಸೇರಿತು.

"ದಾರಿ ತಪ್ಪಿ ಸತ್ರೇನು, ತಪ್ದೆ ಸತ್ರೇನು, ನನ್ ಮಗ ಬರ್ತನಾ?" ಎಂದು ದೊಡ್ಡಬಸಮ್ಮ ಒಂದು ದಿನ ಸಿಟ್ಟಿನಿಂದ ಕೇಳಿದಳು.

"ನಿಂಗೆ ಬರೀ ಮಗ ಓದ" ಎಂದ ದೊಡ್ಡಮಾದಪ್ಪ. "ನಂಗೆ ಅವ್ನು ಎಂಗೆ ಓದ ಅಂತ ಗೊತ್ತಾಗ್ಬೇಕು."

ಇದು ಕಠಿಣವಾದ ಮಾತೇ ಸರಿ. ಆದರೆ ಅವನು ಕಲ್ಲೆದೆಯವನಲ್ಲ. ಇಡೀ ಜನ್ಮ ಒಂದೇ ಕೆಲಸ ಮಾಡಿದವನಿಗೆ ಅಳುವುದಕ್ಕೂ ಒಂದು ದಾರಿ ಬೇಕಾಗುತ್ತದೆ, ಅವನಿಗೆ ಅದು ಸಿಕ್ಕಿರಲಿಲ್ಲ.

ಯುದ್ಧ ಮುಗಿಯಿತು. ನಲವತ್ತಾರರ ಶಿವರಾತ್ರಿಗೆ ನಾಲ್ಕು ದಿನವಿರುವಾಗ ಕೊಳ್ಳೇಗಾಲದ ಬಸ್ಸಿನಿಂದ ಒಬ್ಬ ಅಪರಿಚಿತ ಇಳಿದ. ಮೂವತ್ತರ ಒಳಗಿನವನು, ಕೊಡಗಿನ ಕಡೆಯವನು. ಎಡಗಾಲು ಎಳೆದು ಹಾಕುತ್ತಿದ್ದ, ಕೈಯಲ್ಲಿ ಊರುಗೋಲು. ದೊಡ್ಡಮಾದಪ್ಪನ ಜಗಲಿಗೆ ಬಂದು, ತಾನೂ ಪುಟ್ಟಮಾದಪ್ಪನ ಹಾಗೆಯೇ ವಿಮಾನದಲ್ಲಿ ದಾರಿ ಹೇಳುವ ಆಫೀಸರ್ ಆಗಿದ್ದವನು, ಒಂದೂವರೆ ವರ್ಷ ಆಸ್ಪತ್ರೆಯಲ್ಲಿದ್ದುದರಿಂದ ಬರುವುದು ತಡವಾಯಿತು ಎಂದ.

ದೊಡ್ಡಮಾದಪ್ಪ ಕೂರಲು ಚಾಪೆ ಹಾಸಿದ, ನೀರು ಕೊಟ್ಟ. ಆಮೇಲೆ ಎರಡು ವರ್ಷದಿಂದ ನಾಲಗೆಯ ತುದಿಯಲ್ಲಿದ್ದುದನ್ನು ಕೇಳಿದ. "ನನ್ ಮಗ ದಾರಿ ತಪ್ಪಿದ್ನಾ ಸಾ?"

ಆಫೀಸರ್ ಬೆರಗಾಗಿ ನೋಡಿದ. "ಹಾಗೆಂದು ಯಾರು ಹೇಳಿದರು?"

ಕಾಗದ ಹೊರಗೆ ಬಂತು. ಅವನು ಓದಿ ಮಡಚಿಟ್ಟು ಹೇಳತೊಡಗಿದ. "ಆ ದಿನ ನಾವು ಆರು ವಿಮಾನ ಹೋಗಿದ್ದೆವು ಯಜಮಾನರೇ. ಬಾಂಬು ಹಾಕಿ ತಿರುಗುವ ಹೊತ್ತಿಗೆ ಮೋಡ ಇಳಿದು ಎಲ್ಲರೂ ಚೆದರಿದೆವು. ಕೆಳಗಿನಿಂದ ಹಾರಿಸಿದ ಗುಂಡಿಗೆ ನನ್ನ ಕಾಲು ಮುರಿಯಿತು, ರೇಡಿಯೋ ಹೋಯಿತು. ನಕ್ಷೆಯ ಮೇಲೆಲ್ಲ ನನ್ನದೇ ರಕ್ತ. ದಾರಿ ಹೇಳುವವನಿಗೇ ಎಚ್ಚರ ತಪ್ಪುತ್ತಿತ್ತು. ಎದುರಿಗೆ ಎರಡು ಕಣಿವೆ. ಒಂದು ಕಿರಿದು, ಮೋಡ ಕವಿದದ್ದು, ಅದು ನಮ್ಮ ದಾರಿ. ಇನ್ನೊಂದು ಹತ್ತು ಮೈಲಿ ಆಚೆ, ಅಗಲ, ತಿಳಿ. ಅದರ ಕೊನೆಯಲ್ಲಿ ಎಂಟು ಸಾವಿರ ಅಡಿ ಬೆಟ್ಟ. ಓಡಿಸುವವನು ಅಗಲದ್ದಕ್ಕೇ ತಿರುಗಿಸಿದ."

ದೊಡ್ಡಮಾದಪ್ಪನ ಕೈಯಲ್ಲಿದ್ದ ವೀಳ್ಯದೆಲೆ ಹಾಗೆಯೇ ಉಳಿಯಿತು.

"ಆ ಅಗಲ ಕಣಿವೆಯ ಬಾಯಿಯಲ್ಲಿ ಒಂದು ವಿಮಾನ ಅಡ್ಡ ಅಡ್ಡ ಸುತ್ತುತ್ತಿತ್ತು. ರೆಕ್ಕೆ ಅಲ್ಲಾಡಿಸಿ ನಮ್ಮನ್ನು ಆಚೆಗೆ ತಿರುಗಿಸಿತು. ಅದರಲ್ಲಿದ್ದವನು ನಿಮ್ಮ ಮಗ. ಅವರು ಮೊದಲೇ ಸರಿದಾರಿ ಹಿಡಿದಿದ್ದವರು. ಹಿಂದಿನವರಿಗಾಗಿ ಬಿಟ್ಟು ಬಂದರು. ಕೆಳಗೆ ಜಪಾನಿನವರ ಫಿರಂಗಿಗಳಿದ್ದವು. ಅಲ್ಲಿ ಒಂದು ಸುತ್ತು ಸುತ್ತುವುದೇ ಹೆಚ್ಚು. ಬೇರೆಯವರಿಗೆ ರೇಡಿಯೋದಲ್ಲಿ ಅವನ ಮಾತು ಕೇಳಿಸಿತಂತೆ. ನೀವು ಹೋಗಿ, ಹಿಂದೆ ಇನ್ನೊಂದು ಇದೆ, ಅದು ಬರುವವರೆಗೆ ನಾವು ಇಲ್ಲಿರುತ್ತೇವೆ ಎಂದನಂತೆ. ಅವನ ಮುಂದೆ ಕೂತಿದ್ದವನೂ ಒಪ್ಪಿದ, ಅವನದೂ ದೊಡ್ಡ ಮನಸ್ಸು. ನಾವು ಕಿರುಕಣಿವೆಗೆ ತಿರುಗಿದ ಮೇಲೆ ನಾನು ಹಿಂದಕ್ಕೆ ನೋಡಿದೆ. ಅವರಿಗೆ ಬೆಂಕಿ ಹತ್ತಿತ್ತು."

ಬಾಗಿಲ ಹಿಂದೆ ದೊಡ್ಡಬಸಮ್ಮ ಅಳುತ್ತಿದ್ದುದು ಕೇಳಿಸಿತು. ದೊಡ್ಡಮಾದಪ್ಪ ತನ್ನಷ್ಟಕ್ಕೆ, "ಅಲ್ಲಿ ಸೊಪ್ಪು ಸಿಕ್ಕಲ್ಲ ಅಂದಿದ್ದ" ಎಂದ. ಆಮೇಲೆ ಅಂಗೈಯಿಂದ ಹಣೆ ಹಣೆ ಬಡಿದುಕೊಂಡ. ಊರು ತಿಳಿಯದೆ ಹೋದರೆ ಹೋಗಲಿ, ಆ ಕಟ್ಟಳೆ ಕಲಿಸಿದವನಿಗೇ ತಿಳಿಯಲಿಲ್ಲವಲ್ಲ. ಸುತ್ತುವುದನ್ನು ಕೇಳಿದ ಕೂಡಲೇ ಮರುಳುಬಳ್ಳಿ ನೆನಪಾಯಿತು, ಬಿಸಿಲಲ್ಲಿ ಕೈ ಚಾಚಿ ನಿಂತ ಹುಡುಗ ನೆನಪಾಗಲಿಲ್ಲ.

"ಎಲ್ರೂ ದಾಟಿದ್ರಾ ಸಾ?"

"ಎಲ್ಲರೂ. ನಮ್ಮದೇ ಕೊನೆಯದು."

ಅಟ್ಟದಿಂದ ಕೋಲು ಇಳಿಯಿತು. ನಾಲ್ಕನೆಯ ದಿನ ಪರಸೆ ಹೊರಟಾಗ ದೊಡ್ಡಮಾದಪ್ಪ ಮುಂದಿದ್ದ. ಆಫೀಸರ್ ತಾನೂ ಬರುತ್ತೇನೆಂದ. ಈ ಕಾಲಿನಲ್ಲಿ ಆಗುವುದಿಲ್ಲ ಎಂದು ಎಲ್ಲರೂ ಹೇಳಿದರೂ ಕೇಳಲಿಲ್ಲ. ನಿಧಾನವಾಗಿ ಬರುತ್ತೇನೆ, ನೀವು ನಡೆಯಿರಿ ಎಂದ. ಸುದ್ದಿ ಆಗಲೇ ಹನೂರಿನವರೆಗೆ ಹಬ್ಬಿತ್ತು. ಹಿಂದೆ ಮಾತಾಡಿದವರು ಯಾರೂ ತಾವು ಮಾತಾಡಿದ್ದೆವೆಂದು ಒಪ್ಪಲಿಲ್ಲ, ಅದೂ ಊರಿನ ಗುಣವೇ.

ಆ ವರ್ಷ ಕಾಡಿಗೆ ಬೆಂಕಿ ಬಿದ್ದಿರಲಿಲ್ಲ. ಕವಲಿನಲ್ಲಿ ಕೈಗೆಟುಕುವಷ್ಟು ಹಸಿರಿತ್ತು. ಬಸವಣ್ಣ ಕೊಂಬೆಯೊಂದಕ್ಕೆ ಕೈ ಹಾಕಿದ.

"ಬ್ಯಾಡ ಬುಡ್ಲಾ" ಎಂದ ದೊಡ್ಡಮಾದಪ್ಪ. "ಜನಾನ ನೀನು ಕರ್ಕಂಡೋಗು. ನಾನ್ ನಿಂತ್ಕತೀನಿ."

ಕೋಲನ್ನು ಬಸವಣ್ಣನಿಗೆ ಕೊಟ್ಟು, ಆನೆದಾರಿಯ ಬಾಯಿಗೆ ಅಡ್ಡವಾಗಿ ನಿಂತ. ಪರಸೆಯವರು "ಉಘೇ ಮಾದಪ್ಪ" ಎನ್ನುತ್ತಾ ಬಂದವರು ಅವನನ್ನು ನೋಡಿ ಸದ್ದಡಗಿಸಿ ಬಲಕ್ಕೆ ತಿರುಗಿದರು. ಹೊತ್ತು ನೆತ್ತಿ ದಾಟಿತು. ಜನ ತೆಳುವಾದರು, ಆಮೇಲೆ ನಿಂತೇ ಹೋದರು. ದೊಡ್ಡಮಾದಪ್ಪ ಕದಲಲಿಲ್ಲ. ಕಾಲು ನಡುಗುತ್ತಿತ್ತು, ಗಂಟಲು ಒಣಗಿತ್ತು. ಹನ್ನೆರಡು ವರ್ಷದ ಹುಡುಗ ಇದನ್ನು ಹೇಗೆ ತಾಳಿಕೊಂಡ ಎಂದು ಅವನು ಮೊದಲ ಸಲ ಯೋಚಿಸಿದ.

ಕೊನೆಗೆ ತಿರುವಿನಲ್ಲಿ ಊರುಗೋಲಿನ ಸದ್ದು ಕೇಳಿಸಿತು. ಆಫೀಸರ್ ಬೆವರಿನಲ್ಲಿ ತೊಯ್ದು, ಕಾಲೆಳೆದುಕೊಂಡು ಬಂದು ಅವನೆದುರು ನಿಂತ.

"ನಿಮ್ಮಿಂದೆ ಯಾರಾದ್ರೂ ಅವ್ರಾ ಸಾ?"

ಆಫೀಸರ್ ತಿರುಗಿ ಬಂದ ದಾರಿಯನ್ನು ಪೂರ್ತಿ ನೋಡಿದ. "ಯಾರೂ ಇಲ್ಲ ಯಜಮಾನರೇ. ನಾನೇ ಕೊನೆ."

ದೊಡ್ಡಮಾದಪ್ಪ ಅಲ್ಲೇ ಕೂತುಬಿಟ್ಟ. ಎರಡು ವರ್ಷ ಬಾರದಿದ್ದ ಅಳು ಆಗ ಬಂತು. ಆಫೀಸರ್ ಪಕ್ಕದಲ್ಲಿ ಕೋಲೂರಿಕೊಂಡು ಕಾದ. ಅತ್ತು ಮುಗಿದ ಮೇಲೆ ದೊಡ್ಡಮಾದಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ಎದ್ದ.

"ಅಂಗಾದ್ರೆ ನಡೀರಿ ಸಾ" ಎಂದ. "ಎಲ್ರೂ ಬಂದಂಗಾಯ್ತು."

ಹಾಗೆಂದು ಆಫೀಸರನನ್ನು ಮುಂದೆ ಬಿಟ್ಟು, ತಾನು ಅವನ ಬೆನ್ನ ಹಿಂದೆ ನಡೆದ.